ತುಟಿಯ ನಡುವಿನ ಗುಂಡುಸೂಜಿ

ಟೇಪಕ್ಕ ಎದುರಿಗೆ ಬಂದವರ ಮುಖವನ್ನು ಮೊದಲು ನೋಡಿದವಳೇ ಅಲ್ಲ. ಅವಳ ದೃಷ್ಟಿ ಭುಜಕ್ಕೆ ಬಿದ್ದು, ಅಲ್ಲಿಂದ ಬೆನ್ನಿಗೆ ಹೊರಳಿ, ಸೊಂಟದ ಸುತ್ತ ಒಂದು ಸುತ್ತು ಹಾಕಿ, ತೀರ ಪುರುಸೊತ್ತಿದ್ದರೆ ಮಾತ್ರ ಕಣ್ಣಿಗೆ ಬರುತ್ತಿತ್ತು. ಬೀದಿಯಲ್ಲಿ ಸಿಕ್ಕರೆ ಕ್ಷೇಮಸಮಾಚಾರವಿಲ್ಲ. "ಎಡಭುಜ ಇಳಿಬಿದ್ದಿದೆಯಲ್ರೀ, ಚೀಲ ಆಚೆ ಕಡೆ ಹಾಕ್ಕೊಳ್ಳಿ" ಎನ್ನುವಳು. ಕೊರಳಲ್ಲಿ ಸದಾ ಜೋತಾಡುವ ಅಳತೆಯ ಟೇಪಿನಿಂದಲೇ ಆ ಹೆಸರು ಅವಳಿಗೆ ಅಂಟಿಕೊಂಡಿತ್ತು. ಬೀದಿಯವರಿಗೆ ಅವಳೆಂದರೆ ಸಲಿಗೆಯೂ ಹೌದು, ಒಳಗೊಳಗೇ ಅಳುಕೂ ಹೌದು.

ಊರ ಹೆಂಗಸರಿಗೆಲ್ಲ ಅಚ್ಚುಕಟ್ಟಾದ ಉಡುಪು ಹೊಲಿದುಕೊಟ್ಟವಳು ತಾನು ಮಾತ್ರ ತೀರಿಹೋದ ಗಂಡನ ಬೂದುಬಣ್ಣದ ಕೋಟನ್ನು ವರ್ಷವಿಡೀ ತೊಟ್ಟಿರುತ್ತಿದ್ದಳು. ಅದರ ತೋಳು ಬೆರಳ ತುದಿಯವರೆಗೂ ಇಳಿದಿದ್ದರೂ ಒಂದಿಂಚು ಮೊಟಕು ಮಾಡಲು ಅವಳಿಗೆ ಕೈ ಬರಲಿಲ್ಲ. ಮಿಷನ್ನು ತುಳಿದು ತುಳಿದು ಬಲಗಾಲಿಗೆ ಅದೇ ಚಾಳಿಯಾಗಿ, ರಸ್ತೆಯಲ್ಲಿ ನಡೆಯುವಾಗಲೂ ಆ ಕಾಲು ತುಳಿಯುತ್ತಲೇ ಇತ್ತು. ತುಟಿಗಳ ನಡುವೆ ಯಾವಾಗಲೂ ಗುಂಡುಸೂಜಿಗಳು. ಮಾತಾಡಲೇಬೇಕಾದರೆ ಬಾಯಿಯ ಒಂದು ಮೂಲೆಯಿಂದ ಮಾತು ಹೊರಡುವುದು, ಅದರಲ್ಲಿ ಅರ್ಧ ಒಳಗೇ ಉಳಿಯುವುದು. ಮೆಟ್ಟಿಲ ಕೆಳಗಿನ ಆ ಇಕ್ಕಟ್ಟು ಅಂಗಡಿಯಲ್ಲಿ ಅವಳ ಪಕ್ಕ ಗುಂಡಿ ತೂರಿಸುವ ಕಾಜಾ ಹೊಲಿಯುತ್ತ ಕೂರುತ್ತಿದ್ದವಳು ತಂಗಿ. ಟೇಪಕ್ಕನಿಗೆ ತನ್ನವರೆಂದು ಉಳಿದಿದ್ದ ಜೀವ ಅದೊಂದೇ.

ಬೀದಿಯಲ್ಲಿ ಏನೇ ಅನ್ನಲಿ, ಅಂಗಡಿಯಲ್ಲಿ ಗಿರಾಕಿಯ ಮೈಯಲ್ಲಿ ಟೇಪಿಗೆ ಕಂಡದ್ದನ್ನು ಬಾಯಿ ಬಿಟ್ಟು ಹೇಳಕೂಡದು ಎಂಬುದು ಅವಳು ಕಸುಬು ಕಲಿತ ಅಂಗಡಿಯ ಕಟ್ಟುನಿಟ್ಟು. ಹೊಟ್ಟೆ ಬಂದಿರಲಿ, ಗೂನು ಮೂಡಿರಲಿ, ಒಂದು ಪಕ್ಕ ಹೆಚ್ಚಿರಲಿ, ಕಡಿಮೆಯಿರಲಿ, ಹೊಲಿಗೆಯಲ್ಲಿ ಸರಿದೂಗಿಸಬೇಕು, ತೆಪ್ಪಗಿರಬೇಕು. ಸೂಜಿ ಕಚ್ಚಿಕೊಳ್ಳುವ ಅಭ್ಯಾಸವೂ ಅಲ್ಲಿಂದಲೇ ಬಂದದ್ದು. ಅಳತೆ ಕೊಡುವ ಪರದೆಯ ಹಿಂದೆ ವಕೀಲೆಯೂ ಒಂದೇ, ಮನೆಗೆಲಸದವಳೂ ಒಂದೇ. ಎಲ್ಲರೂ ಕೈ ಎತ್ತಿ ನಿಂತು ಉಸಿರು ಬಿಗಿಹಿಡಿಯುವವರೇ.

ಹಾಗೆ ನಿಂತವರಲ್ಲಿ ಬೇಕರಿಯಮ್ಮ ಒಬ್ಬಳು. ನೀಲಿ ಅಂಗಿ ಎದೆಯ ಬಲಗಡೆ ಬಿಗಿಯುತ್ತಿದೆ ಎಂದು ತಂದಳು, ಟೇಪಕ್ಕ ಹೊಲಿಗೆ ಬಿಚ್ಚಿ ಸಡಿಲಿಸಿಕೊಟ್ಟಳು. ಕೆಲವು ತಿಂಗಳಲ್ಲಿ ಅದೇ ಅಂಗಿ, ಅದೇ ಪಕ್ಕ, ಮತ್ತೆ ಬಂತು. ಆ ಒಂದೇ ಪಕ್ಕ ಮತ್ತೆ ಹೆಚ್ಚಿದ್ದು ಟೇಪು ಎಳೆಯುವಾಗ ಟೇಪಕ್ಕನಿಗೆ ಗೊತ್ತಾಯಿತು. ಆದರೂ ಸೂಜಿ ಕಚ್ಚಿಕೊಂಡೇ ಇದ್ದಳು. ಕನ್ನಡಿ ನೋಡಿಕೊಂಡ ಬೇಕರಿಯಮ್ಮ, "ಎಲ್ಲಿ ಬಿಚ್ಚಿದೆ, ಎಲ್ಲಿ ಹೊಲಿದೆ ಅಂತಾನೇ ಗೊತ್ತಾಗಲ್ವಲ್ಲೇ! ನಿನ್ನ ಕೈಗೆ ಬಳೆ ಮಾಡಿಸಿ ಹಾಕ್ಬೇಕು" ಎಂದು ಹಿಗ್ಗಿದಳು. ಡಾಕ್ಟರ ಹತ್ತಿರ ಹೋಗುವ ಹೊತ್ತಿಗೆ ಗಡ್ಡೆ ಕೈಮೀರಿತ್ತು. ಕೊನೆಯ ಯಾತ್ರೆಗೆ ಅವಳಿಗೆ ತೊಡಿಸಿದ್ದು ಅದೇ ನೀಲಿ ಅಂಗಿ. ಅಷ್ಟು ಜನರ ನಡುವೆ ಆ ಹೊಲಿಗೆಯನ್ನು ಗುರುತಿಸಿದವಳು ಟೇಪಕ್ಕ ಒಬ್ಬಳೇ.

ಅಂದಿನಿಂದ ಸೂಜಿಗಳು ಅವಳ ಬಾಯಿಂದ ಹೊರಟು, ಮೇಜಿನ ಮೇಲೆ ಸೂಜಿ ಚುಚ್ಚಿಡುವ ಪುಟ್ಟ ದಿಂಬಿಗೆ ಹೋದವು. ಬೀದಿಯ ಕೊನೆಯ ಆರೋಗ್ಯಕೇಂದ್ರದಲ್ಲಿ, ಯಾವ ತೊಂದರೆಯೂ ಇಲ್ಲದ ನಡುವಯಸ್ಸಿನ ಹೆಂಗಸರ ಎದೆಯ ಚಿತ್ರ ತೆಗೆದು, ಕ್ಯಾನ್ಸರ್ ಇದೆಯೇ ಎಂದು ನೋಡುವ ಯಂತ್ರವಿತ್ತು. ಅಲ್ಲಿಗೆ ಎಲ್ಲರನ್ನೂ ಅಟ್ಟುವುದೇ ಟೇಪಕ್ಕನ ವ್ರತವಾಯಿತು. ಸುಮ್ಮನೆ ಹೇಳುವುದಲ್ಲ, ಬೇಕರಿಯಮ್ಮನ ಸಾವನ್ನು ಕಣ್ಣಿಗೆ ಕಟ್ಟುವಂತೆ ಬಣ್ಣಿಸಿ ಬೆವರಿಳಿಸುವಳು. ಅದಕ್ಕೂ ಜಗ್ಗದಿದ್ದರೆ ಹೊಲಿದಿಟ್ಟ ಅಂಗಿಯನ್ನು ಒತ್ತೆಯಿಟ್ಟುಕೊಳ್ಳುವಳು! "ಚಿತ್ರ ತೆಗೆಸ್ಕೊಂಡು ಬನ್ನಿ, ಅಂಗಿ ಒಯ್ಯಿರಿ." ವಕೀಲೆ ಕೇಸು ಹಾಕುವೆನೆಂದು ಕೂಗಾಡಿ, ಕೊನೆಗೆ ಹೋಗಿಬಂದಳು. ಕೇಳಿದವರೆಲ್ಲ ನಕ್ಕರು.

ಆ ನಗು ನಿಂತದ್ದು ಟೀಚರಮ್ಮ ಬಂದ ದಿನ. ಅವಳೂ ಹಾಗೆ ಅಟ್ಟಿಸಿಕೊಂಡು ಹೋದವಳೇ. ಚಿತ್ರದಲ್ಲಿ ಸಾಸಿವೆಯಷ್ಟು ಏನೋ ಸಿಕ್ಕಿತು, ಬೆಳೆಯಬಹುದು, ಬೆಳೆಯದೆಯೂ ಇರಬಹುದು ಎಂದರು, ಕೊಯ್ದರು, ಕಿರಣ ಹಾಯಿಸಿ ಸುಟ್ಟರು. ಕೈ ಬಾತುಕೊಂಡು ಬೋರ್ಡಿನವರೆಗೆ ಏಳದಾಯಿತು. ತೋಳನ್ನು ಅಗಲ ಮಾಡಿಕೊಡಿ ಎಂದು ಅಂಗಿಯನ್ನು ಮೇಜಿನ ಮೇಲಿಟ್ಟು ಅವಳು ಮೆಲ್ಲಗೆ ಹೇಳಿದಳು: "ಇದರಿಂದ ನನ್ನ ಜೀವ ಉಳೀತೋ, ಇಲ್ಲ ಕೊಯ್ಯೋದೇ ಬೇಕಿರಲಿಲ್ವೋ, ಯಾರಿಗೂ ಗೊತ್ತಿಲ್ಲಂತೆ. ಹೀಗೂ ಆಗಬಹುದು ಅಂತ ಮೊದಲೇ ಗೊತ್ತಿದ್ರೂ ಬಹುಶಃ ಹೋಗ್ತಿದ್ದೆ. ಆದ್ರೆ ಆಗ ನಾನೇ ಹೋದ ಹಾಗಿರ್ತಿತ್ತು. ನೀವು ಹೆದರಿಸಿ ಕಳಿಸಿದ್ರಿ."

ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಟೇಪಕ್ಕ ಆ ಮಧ್ಯಾಹ್ನವೇ ಅಂಗಡಿ ಮುಚ್ಚಿ, ಬಲಗಾಲು ತುಳಿಯುತ್ತ, ಆರೋಗ್ಯಕೇಂದ್ರದ ನರ್ಸಿನ ಮುಂದೆ ಹೋಗಿ ಕೂತಳು. ನರ್ಸು ಹೇಳಿದಳು: "ಗಡ್ಡೆಯೋ, ಆಕಾರ ಬದಲಾಗಿದ್ದೋ ಕಂಡ್ರೆ ಆ ಮಾತೇ ಬೇರೆ, ತಡ ಮಾಡದೆ ಬರಲೇಬೇಕು. ಏನೂ ಇಲ್ಲದೋರು ಬಂದು ನೋಡಿಸ್ಕೋತಾರಲ್ಲ, ಅವರಲ್ಲಿ ಕೆಲವರ ಜೀವ ಇದರಿಂದ ಉಳಿಯುತ್ತೆ. ಕೆಲವರಿಗೆ ಏನೂ ಇಲ್ಲದಿದ್ರೂ ಇದೆಯೇನೋ ಅಂತ ಸುಮ್ಮನೆ ದಿಗಿಲು. ಇನ್ನು ಕೆಲವರಿಗೆ, ಸಾಯೋತನಕ ತೊಂದರೆ ಕೊಡದೆ ಇರ್ತಿದ್ದದ್ದೂ ಸಿಕ್ಕಿಬಿದ್ದು ಕೊಯ್ಸಿಕೊಳ್ಳೋ ಹಾಗಾಗುತ್ತೆ. ಯಾರಿಗೆ ಯಾವುದು ಅಂತ ಮುಂಚೆ ಹೇಳೋಕಾಗಲ್ಲ."

"ಇದನ್ನ ಬಂದೋರಿಗೆಲ್ಲ ಹೇಳ್ತೀರಾ?"

"ಹೊರಗೆ ಸಾಲು ನೋಡಿದ್ರಲ್ಲ, ಅಷ್ಟು ಹೊತ್ತೆಲ್ಲಿದೆ?" ಎಂದಳು ನರ್ಸು.

ಆಮೇಲಿನ ಟೇಪಕ್ಕ ಒಳಿತು ಕೆಡುಕು ಎರಡನ್ನೂ ಹೇಳುವವಳಾದಳು, ಹೇಳಿ ಸುಮ್ಮನಾಗುವವಳಾದಳು. ಅದು ಇನ್ನೂ ಕಷ್ಟದ ಕೆಲಸ. ವಕೀಲೆ ನೂರಕ್ಕೆ ಎಷ್ಟು ಜನ ಉಳಿಯುತ್ತಾರೆ ಎಂದು ಪಾಟೀಸವಾಲು ಹಾಕುವಳು. ಮನೆಗೆಲಸದವಳು "ನನ್ನ ಗಂಡನ್ನ, ಅವರನ್ನ ಕೇಳಿ ಹೇಳ್ತೀನಕ್ಕ" ಎನ್ನುವಳು. "ಎದೆ ಅವರದಲ್ಲವಲ್ಲ ಕಣೇ" ಎಂದು ಟೇಪಕ್ಕ ಗದರಿದರೆ ನಕ್ಕು ತಲೆ ತಗ್ಗಿಸುವಳು. ಬೇರೆ ಭಾಷೆಯ ಮುದುಕಿಯೊಬ್ಬಳಿಗೆ ಮೊಮ್ಮಗಳ ಬಾಯಿಂದ ಹೇಳಿಸಬೇಕಾಗಿ, ಅರ್ಧ ವಿಷಯ ಆ ಹುಡುಗಿಯ ನಾಚಿಕೆಯಲ್ಲೇ ಸೋರಿಹೋಯಿತು. "ಅಷ್ಟೆಲ್ಲ ಬೇಡ, ನೀನೇ ಹೇಳು, ಹೋಗ್ಲಾ ಬೇಡ್ವಾ?" ಎಂದು ಹೆಚ್ಚಿನವರು ದುಂಬಾಲು ಬೀಳುವರು. ಅವಳು ಹೋಗು ಎಂದೂ ಬೇಡ ಎಂದೂ ಹೇಳದಿದ್ದರೆ, ಈಗ ಇವಳಿಗೆ ನಮ್ಮ ಮೇಲೆ ಅಕ್ಕರೆಯಿಲ್ಲ ಎಂದು ಮುನಿದು ಹೋದವರೂ ಇದ್ದರು.

ಕೊನೆಗೆ ಅಕ್ಕತಂಗಿಯರಿಬ್ಬರಿಗೂ ಚಿತ್ರ ತೆಗೆಸಿಕೊಳ್ಳಲು ಕೇಂದ್ರದಿಂದ ಕರೆ ಬಂತು. ಟೇಪಕ್ಕ ತಾನು ಹೋಗುವುದೆಂದು ನಿಶ್ಚಯಿಸಿಕೊಂಡು, ತಂಗಿಗೂ ಎಲ್ಲವನ್ನೂ ಬಿಡಿಸಿ ಹೇಳಿದಳು. ತಂಗಿ ಕಾಜಾ ಮುಗಿಸಿ, ಹಲ್ಲಿನಿಂದ ದಾರ ಕಡಿದು, ಅಂದಳು: "ನಾನು ಹೋಗಲ್ಲ ಅಕ್ಕ. ಅಪ್ಪನ್ನ ನೋಡ್ಕೊಂಡು ಆಸ್ಪತ್ರೆ ಬೆಂಚಲ್ಲಿ ಮಲಗಿದ್ದು ನನಗೆ ಸಾಕಾಗಿದೆ. ಏನಾದ್ರೂ ಕಂಡ್ರೆ ಅವತ್ತೇ ಓಡ್ತೀನಿ. ಏನೂ ಇಲ್ಲದಾಗ ಹುಡುಕ್ಕೊಂಡು ಹೋಗಿ, ಇರೋ ನೆಮ್ಮದೀನೂ ಕಳ್ಕೊಳ್ಳಲ್ಲ. ಕೇಳಿಸ್ಕೊಂಡೇ ಹೇಳ್ತಿದೀನಿ."

ಅಕ್ಕನ ಕಣ್ಣ ಮುಂದೆ ನೀಲಿ ಅಂಗಿ ಬಂದಿರಬೇಕು. 'ನನಗೋಸ್ಕರ ಹೋಗೇ' ಎಂದಿದ್ದರೆ ಸಾಕಿತ್ತು. ಆ ಮಾತನ್ನು ತಂಗಿ ಎಂದೂ ತೆಗೆದುಹಾಕಿದವಳಲ್ಲ, ಮರುಮಾತಿಲ್ಲದೆ ಎದ್ದು ಹೊರಡುತ್ತಿದ್ದಳು. ಮಾತು ನಾಲಗೆಯ ತುದಿಗೇ ಬಂದಿತ್ತು. ಟೇಪಕ್ಕ ಕೈ ಚಾಚಿ, ದಿಂಬಿನಿಂದ ಗುಂಡುಸೂಜಿಗಳನ್ನು ಒಂದೊಂದಾಗಿ ಕಿತ್ತು ತುಟಿಗಳ ನಡುವೆ ಇಟ್ಟುಕೊಂಡಳು. ಇಬ್ಬರ ಕಣ್ಣಲ್ಲೂ ನೀರಿತ್ತು. ತಂಗಿ ಮುಂದಿನ ಅಂಗಿಯನ್ನು ಎತ್ತಿಕೊಂಡಳು.

ಅಕ್ಕ ಪ್ರತಿಸಲವೂ ಒಬ್ಬಳೇ ಕೇಂದ್ರಕ್ಕೆ ಹೋಗಿಬರುತ್ತಾಳೆ. ತಂಗಿಗೆ ಹೊಸ ಅಂಗಿಯ ಅಳತೆ ತೆಗೆಯುವ ದಿನ ಮಾತ್ರ ಅಂಗಡಿಯಲ್ಲಿ ಇಬ್ಬರೂ ಉಸಿರಾಡುವುದಿಲ್ಲ. ಪ್ರೀತಿಸಿದವರನ್ನು ಕೈಹಿಡಿದು ದರದರ ಎಳೆದೊಯ್ಯುವವರು ಲೋಕದಲ್ಲಿ ಬೇಕಾದಷ್ಟಿದ್ದಾರೆ. ಏನಾದರೂ ಆದರೆ, ನಾನು ಮಾಡಬೇಕಾದ್ದು ಮಾಡಿದೆ ಎಂದು ಅವರು ನಿದ್ದೆ ಮಾಡುತ್ತಾರೆ. ತಿಳಿದದ್ದನ್ನೆಲ್ಲ ತಿಳಿಸಿ, ತೀರ್ಮಾನವನ್ನು ಪ್ರೀತಿಸಿದವರಿಗೇ ಬಿಟ್ಟು, ಅದರ ಭಯವನ್ನು ಮಾತ್ರ ತಾವು ಹೊತ್ತುಕೊಳ್ಳುವವರು ಎಲ್ಲೋ ಒಬ್ಬಿಬ್ಬರು. ಅಂಥವರಿಗೆ ಆ ನಿದ್ದೆ ಇಲ್ಲ.