ಪೆಟ್ರೋಲಿನಲ್ಲಿ ನೆನೆದ ಕರ್ಪೂರ

ಅರ್ಪಿತಾಗೆ ಹತ್ತು ವರ್ಷವಿದ್ದಾಗ ಅಪ್ಪ ಮರುಳಸಿದ್ದಪ್ಪ ಅವಳಿಗೊಂದು ಮಾತು ಕೊಟ್ಟಿದ್ದ.

"ಈ ಗಾಡಿಗೆ ಮತ್ತೆ ಜೀವ ಬರೋ ದಿನ ಮೊದಲ್ನೇ ಕೀ ತಿರುಗ್ಸೋಳು ನೀನೇ ಪುಟ್ಟಿ. ನೀನು ಬರೋಗಂಟ ನಾನೂ ತಿರುಗ್ಸಲ್ಲ, ಇನ್ನೊಬ್ರಿಗೂ ಬಿಡಲ್ಲ."

ಆಗ ಆ ಕಾರಿಗೆ ಚಕ್ರಗಳೂ ಇರಲಿಲ್ಲ. ನ್ಯಾಮತಿಯ ಮನೆಗೆ ಒತ್ತಿಕೊಂಡ ತಗಡಿನ ಶೆಡ್ಡಿನಲ್ಲಿ ಸಿಮೆಂಟ್ ಇಟ್ಟಿಗೆಗಳ ಮೇಲೆ ಕೂತಿತ್ತು. ಹುಡುಗಿ ಅಂಗೈ ಚಾಚಿ "ಆಣೆ?" ಅಂದಳು. ಅವನು ಗ್ರೀಸು ಮೆತ್ತಿದ ಕೈಯನ್ನೇ ಆ ಅಂಗೈ ಮೇಲಿಟ್ಟು "ಆಣೆ" ಅಂದ. ಆ ಕಪ್ಪು ಹೋಗಿಸಲು ಹೆಂಡತಿ ಅನಿತಾ ಎರಡು ದಿನ ಮಗಳ ಕೈ ತಿಕ್ಕಿದಳು.

ಅದಾದ ಮರುವರ್ಷವೇ ಅನಿತಾಗೆ ಜಗಳೂರಿನ ಹೈಸ್ಕೂಲಿಗೆ ವರ್ಗವಾಯಿತು. ಮಗಳನ್ನು ಕರೆದುಕೊಂಡು ಹೋದಳು. ಮೊದಮೊದಲು ಇಬ್ಬರೂ ಶನಿವಾರ ಸಂಜೆ ಬಂದು ಸೋಮವಾರ ಬೆಳಗಿನ ಬಸ್ಸಿಗೆ ಹೋಗುತ್ತಿದ್ದರು. ಆಮೇಲೆ ಹಬ್ಬಕ್ಕೆ ಬಂದರು. ಆಮೇಲೆ ಮಗಳೊಬ್ಬಳೇ ಬರತೊಡಗಿದಳು. ಗಂಡ ಹೆಂಡಿರು ಒಂದು ದಿನವೂ ದನಿ ಎತ್ತಿ ಬೈದಾಡಿದ್ದನ್ನು ಓಣಿಯವರು ಕೇಳಿಲ್ಲ. ಬೈದಾಡಿದ್ದರೆ ಹೇಳಿಕೊಳ್ಳಲಾದರೂ ಏನಾದರೂ ಇರುತ್ತಿತ್ತು ಎಂದು ಮರುಳಸಿದ್ದಪ್ಪನಿಗೆ ಈಗೀಗ ಅನ್ನಿಸುತ್ತದೆ.

ಕಸುಬಿನಲ್ಲಿ ಅವನು ಡೀಸೆಲ್ ಪಂಪ್ ಮೇಸ್ತ್ರಿ. ಸವಳಂಗದಿಂದ ಹೊನ್ನಾಳಿವರೆಗೆ ಯಾವ ಟ್ರ್ಯಾಕ್ಟರು ಕೆಮ್ಮಿದರೂ ಅವನ ಅಂಗಡಿಗೇ ಬರಬೇಕು. ಚನ್ನಗಿರಿಯಿಂದ ಅಡಿಕೆ ಸುಲಿಯುವ ಯಂತ್ರದ ಇಂಜಿನ್ನನ್ನು ಆಟೋದಲ್ಲಿ ಹೇರಿಕೊಂಡು ಬರುವವರೂ ಇದ್ದರು. ಯಾರು ಬಂದು "ಇಂಜಿನ್ ಹತ್ತುವಲ್ದು ಮರುಳಣ್ಣ" ಅಂದರೂ ಅವನ ಮೊದಲ ಪ್ರಶ್ನೆ ಒಂದೇ: "ಏರ್ ತೆಗ್ದ್ಯೇನು?" ಡೀಸೆಲ್ ಪೈಪಿನೊಳಗೆ ಗಾಳಿ ಸಿಕ್ಕಿಕೊಂಡರೆ ಇಂಜಿನ್ ಹತ್ತುವುದಿಲ್ಲ. ಪೈಪಿನ ನಟ್ಟು ಒಂದಿಷ್ಟು ಸಡಿಲಿಸಿ ಇಂಜಿನ್ ತಿರುಗಿಸಬೇಕು. ಗುಳುಗುಳು ಎಂದು ಗಾಳಿ ಉಗುಳಿ, ಡೀಸೆಲ್ ಧಾರೆಯಾಗಿ ಬಂದ ಮೇಲೆ ನಟ್ಟು ಬಿಗಿಯಬೇಕು. ಮೂವತ್ತು ವರ್ಷ ಈ ಕೆಲಸ ಮಾಡಿದ ಅವನ ಕೈಗೆ ಅದನ್ನು ಯಾರೂ ಹೇಳಬೇಕಾಗಿರಲಿಲ್ಲ.

ಅವನ ಅಂಗಡಿಯಲ್ಲಿ ಇನ್ನೊಂದು ಪದ್ಧತಿಯೂ ಇತ್ತು. ಬಿಚ್ಚಿ ಕಟ್ಟಿದ ಇಂಜಿನ್ನನ್ನು ಮೊದಲ ಸಲ ಎಬ್ಬಿಸುವಾಗ ತಟ್ಟೆಯಲ್ಲಿ ಕರ್ಪೂರ ಹಚ್ಚಿ ಇಂಜಿನ್ನಿಗೇ ಬೆಳಗುವುದು, ಬೆಳಗುತ್ತಿರುವಾಗಲೇ ಸ್ಟಾರ್ಟ್ ಮಾಡುವುದು. ಡೀಸೆಲ್ಲಿನ ಪಕ್ಕ ಕರ್ಪೂರ ಉರಿದರೆ ಏನೂ ಆಗುವುದಿಲ್ಲ. ಇಷ್ಟು ವರ್ಷಗಳಲ್ಲಿ ಒಮ್ಮೆಯೂ ಆಗಿರಲಿಲ್ಲ.

ಕಾರು ಮಾತ್ರ ಪೆಟ್ರೋಲಿನದು. ರ್‍ಯಾಲಿಯಲ್ಲಿ ಓಡಿದ ಹಳೆಯ ಸೆಡಿಯಾ. ಅದನ್ನು ಓಡಿಸಿದವನು ಇನ್ನೂ ವೇಗ ಬೇಕೆಂದು ಟರ್ಬೋ ಕೂರಿಸಿ ಇಂಜಿನ್ನಿಗೆ ಗಾಳಿ ತುಂಬಿಸಿದ. ಅಷ್ಟು ಗಾಳಿಗೆ ತಕ್ಕಷ್ಟು ಪೆಟ್ರೋಲು ಕೊಡುವುದನ್ನು ಮರೆತ. ಕಾವು ಏರಿ ಪಿಸ್ಟನ್ನೇ ಕರಗಿತು. ಆ ಕರಗಿದ ಗಾಡಿಯನ್ನು ಮರುಳಸಿದ್ದಪ್ಪ ತಂದು, ಭಾನುವಾರ ಭಾನುವಾರ ಒಂದೊಂದೇ ಸಾಮಾನು ಕೂಡಿಸುತ್ತ ಎಂಟು ವರ್ಷ ತಳ್ಳಿದ. ಕೊನೆಗೆ ಉಳಿದದ್ದು ಪೆಟ್ರೋಲಿನ ದಾರಿಯೊಂದೇ. ಟ್ಯಾಂಕಿನೊಳಗೆ ದೊಡ್ಡ ಪಂಪು ಇಳಿಸಿದ. ಅದಕ್ಕೆ ಬ್ಯಾಟರಿಯಿಂದ ದಪ್ಪ ವೈರು, ಕರೆಂಟು ಕೊಟ್ಟು ನಿಲ್ಲಿಸಲು ಬೇರೆಯದೇ ರಿಲೇ. ಹೊಸ ಫಿಲ್ಟರು, ಹೊಸ ಪೈಪು, ಇಂಜಿನ್ನಿಗೆ ಪೆಟ್ರೋಲು ಚಿಮ್ಮಿಸುವ ದೊಡ್ಡ ಇಂಜೆಕ್ಟರುಗಳು, ಒತ್ತಡ ತೋರಿಸುವ ಒಂದು ಪುಟ್ಟ ಗೇಜು. ಕಾರಿನ ಕಂಪ್ಯೂಟರನ್ನು ಹೊಸ ಇಂಜೆಕ್ಟರಿಗೆ ಹೊಂದಿಸಿಕೊಟ್ಟವನು ದಾವಣಗೆರೆಯ ವಿನಯ್ ಕುಮಾರ್, ಪೆಟ್ರೋಲ್ ಗಾಡಿಗಳಲ್ಲಿ ಪಳಗಿದವನು.

ಅರ್ಪಿತಾಗೆ ಹದಿನೆಂಟು ತುಂಬಿ, ಲೈಸೆನ್ಸೂ ಕೈಗೆ ಬಂದಿತ್ತು. "ಈ ಭಾನುವಾರ ಬರ್ತೀನಪ್ಪಾ. ಮುಟ್ಟಿಲ್ಲ ತಾನೆ?" ಎಂದು ಫೋನಿನಲ್ಲಿ ಕೇಳಿದ್ದಳು.

"ಕೀ ಮೇಲೆ ಧೂಳು ಕುಂತೈತೆ, ಬಂದು ನೋಡು" ಅಂದಿದ್ದ.

ನಿಜವೇ. ಕೀಲಿಯನ್ನು ಅವನು ದೇವರ ಗೂಡಿನ ಮೊಳೆಗೆ ನೇತುಹಾಕಿದ್ದ. ಅದು ಅಲ್ಲಿಂದ ಇಳಿದೇ ಇರಲಿಲ್ಲ.

ಶನಿವಾರ ಅಂಗಡಿಗೆ ರಜ ಹಾಕಿ ಬೆಳಗಿನಿಂದ ಶೆಡ್ಡಿನಲ್ಲೇ ಇದ್ದ. ನಾಳೆ ಎಲ್ಲವೂ ಹೇಗೆ ಹೇಗೆ ಆಗಬೇಕೆಂದು ಒಂದು ಸಲ ನೋಡಿಕೊಳ್ಳುವುದು ಅವನ ಆಸೆ. ಬಾನೆಟ್ ಎತ್ತಿದ. ಹಿತ್ತಾಳೆ ತಟ್ಟೆ ಬೆಳಗಿ ತಂದು, ಕುಂಕುಮ, ಎರಡು ನಿಂಬೆಹಣ್ಣು, ನಾಲ್ಕು ಬಿಲ್ಲೆ ಕರ್ಪೂರ ಇಟ್ಟು, ಇಂಜಿನ್ನಿನ ಪಕ್ಕದ ಮಡ್ಗಾರ್ಡಿನ ಮೇಲೆ ಇರಿಸಿದ. ನಾಳೆ ಇಲ್ಲಿ ಕರ್ಪೂರ ಉರಿಯುತ್ತಿರುತ್ತದೆ, ಅಲ್ಲಿ ಸೀಟಿನಲ್ಲಿ ಪುಟ್ಟಿ ಕೀ ತಿರುಗಿಸುತ್ತಾಳೆ, ನಾನಿಲ್ಲಿ ನಿಂತು ಏರ್ ತೆಗೆಯುತ್ತೇನೆ.

ಪಕ್ಕದ ಮನೆಯ ಓಬವ್ವ ರೊಟ್ಟಿ, ಹುಚ್ಚೆಳ್ಳು ಚಟ್ನಿ ಹಿಡಿದುಕೊಂಡು ಬಾಗಿಲಲ್ಲಿ ನಿಂತಳು. ಅವನು ಒಂಟಿಯಾದಾಗಿನಿಂದ ವಾರಕ್ಕೆ ಮೂರು ದಿನವಾದರೂ ಅವಳ ರೊಟ್ಟಿ ಬರುತ್ತದೆ, ಜೊತೆಗೆ ಬೈಗುಳವೂ.

"ಏನಪ್ಪಾ, ಇವತ್ತು ಮದುವಣಗಿತ್ತಿ ಮಾಡಿ ನಿಲ್ಲಿಸೀಯಲ್ಲ ಇದನ್ನ! ಆ ಅನಿತವ್ವಗೆ ಒಂದಿನ ಹಿಂಗೆ ತಟ್ಟೆ ಹಿಡಿದಿದ್ದ್ಯೇನು?"

"ನಾಳೆ ಪುಟ್ಟಿ ಬರ್ತಾಳೆ ಕಣವ್ವ."

"ಬರ್ಲಿ, ಬರ್ಲಿ. ಮಗಳ ಜೊತೆ ನಾಕು ಮಾತಾಡು. ಆ ಮಗು ಬಂದಾಗೆಲ್ಲ ನೀನು ಗಾಡಿ ಅಡಿಗೆ ಮಲ್ಗಿರ್ತಿ, ಅದು ನಿನ್ನ ಕಾಲು ನೋಡ್ಕೊಂಡು ವಾಪಸ್ ಹೋಗ್ತೈತೆ."

ಅವನು ನಕ್ಕ. ಓಬವ್ವ ನಗಲಿಲ್ಲ. ರೊಟ್ಟಿಯನ್ನು ಬೆಂಚಿನ ಮೇಲಿಟ್ಟು ಹೋದಳು.

ಪಂಪು ಎಷ್ಟು ಒತ್ತಡ ಕೊಡುತ್ತದೆ ಎಂದು ನೋಡಬೇಕಿತ್ತು. ಕೀ ಹಾಕಿದರೆ ಪಂಪು ತಾನಾಗಿ ಓಡುತ್ತದೆ, ಆದರೆ ಕೀ ಮುಟ್ಟುವಂತಿಲ್ಲ. ಅದಕ್ಕೆ ರಿಲೇ ಕಿತ್ತು, ಅದು ಕೂರುವ ಜಾಗದ ಎರಡು ತೂತಿಗೆ ವೈರಿನ ತುಂಡೊಂದನ್ನು ಸಿಕ್ಕಿಸಿದ. ಹಿಂದೆ ಟ್ಯಾಂಕಿನಲ್ಲಿ ಪಂಪು ಗುಂಯ್ ಎಂದಿತು. ಎಂಟು ವರ್ಷದಲ್ಲಿ ಆ ಕಾರು ಆಡಿದ ಮೊದಲ ಶಬ್ದ ಅದು. ಅವನ ಮೈ ಜುಮ್ಮೆಂದಿತು. ಗೇಜಿನ ಮುಳ್ಳು ಏರಿ ಮೂರರ ಮೇಲೆ ನಿಂತಿತು.

ಆಮೇಲೆ ಮಾಡಿದ್ದು ಅವನ ತಲೆಯಲ್ಲ, ಕೈ. ಸ್ಪ್ಯಾನರು ಎತ್ತಿಕೊಂಡಿತು, ಇಂಜೆಕ್ಟರುಗಳಿಗೆ ಹೋಗುವ ಪೈಪಿನ ನಟ್ಟಿಗೆ ಹಾಕಿತು, ಕಾಲು ಸುತ್ತು ಸಡಿಲಿಸಿತು.

ಗುಳುಗುಳು ಆಗಲಿಲ್ಲ. ಚುರ್ ಎಂದು ಬೀಸಣಿಗೆಯ ಹಾಗೆ ಬಿಚ್ಚಿಕೊಂಡು ಪೆಟ್ರೋಲು ಸಿಡಿಯಿತು. ಮುಖ, ಎದೆ, ತೋಳು ಎಲ್ಲ ತೊಯ್ದುಹೋಯಿತು. ಕಣ್ಣು ಉರಿದು ಮುಚ್ಚಿಕೊಂಡವು. ತಡಕಾಡಿ ವೈರಿನ ತುಂಡು ಕಿತ್ತೆಸೆದ. ಪಂಪು ನಿಂತಿತು. ಕುರುಡನಂತೆ ಗೋಡೆ ಹಿಡಿದುಕೊಂಡು ಹೊರಗೆ ಬಂದು, ನಲ್ಲಿಯ ಕೆಳಗೆ ತಲೆ ಕೊಟ್ಟು ಕೂತ.

ಕಣ್ಣು ಬಿಡುವಂತಾಗಿ ಒಳಗೆ ಬಂದಾಗ ಅವನಿಗೆ ಮೊದಲು ಕಂಡದ್ದು ತಟ್ಟೆ. ಕುಂಕುಮ ಕದಡಿ ಹರಿದಿತ್ತು. ನಿಂಬೆಹಣ್ಣುಗಳು ಫಳಫಳ ಹೊಳೆಯುತ್ತಿದ್ದವು. ನಾಲ್ಕು ಬಿಲ್ಲೆ ಕರ್ಪೂರ ಪೆಟ್ರೋಲಿನಲ್ಲಿ ನೆನೆದು ಕೂತಿದ್ದವು.

ನಾಳೆ ಅವು ಉರಿಯುತ್ತಿರುತ್ತಿದ್ದವು. ನಾಳೆ ಕಾರಿನೊಳಗೆ ಪುಟ್ಟಿ ಇರುತ್ತಿದ್ದಳು.

ಬೆಂಚಿನ ಮೇಲೆ, ರೊಟ್ಟಿಯ ಪಕ್ಕ ಕೂತು ವಿನಯ್ ಕುಮಾರನಿಗೆ ಫೋನು ಮಾಡಿದ.

"ಏರ್ ತೆಗ್ದೆ ವಿನಯ್" ಅಂದ.

"ಎಲ್ಲಿ ಏರ್?"

"ಗಾಡೀದು."

"ಅಣ್ಣಾ, ಇದೇನು ನಿಮ್ಮ ಟ್ರ್ಯಾಕ್ಟ್ರೇನು? ಇದಕ್ಕೆ ಏರ್ ತೆಗ್ಯೋದೇ ಬ್ಯಾಡ. ಪಂಪೇ ದಬ್ಬತೈತೆ, ಏರು ಇಂಜೆಕ್ಟರಿನಾಗೇ ಹೋಗ್ತೈತೆ. ನಟ್ ಬಿಚ್ಚಿದ್ರೆ... ಅಲ್ಲಾ, ಹತ್ರ ಬೆಂಕಿ ಪಂಕಿ ಇರಲಿಲ್ಲ ತಾನೆ?"

"ಇರಲಿಲ್ಲ. ಇವತ್ತು ಇರಲಿಲ್ಲ."

"ದೇವ್ರು ದೊಡ್ಡೋನು. ಕೇಳ್ರಿ, ಆ ನಟ್ಟಿನ ವಾಶರ್ ಹೊಸದು ಹಾಕ್ರಿ. ಎಲ್ಲಾ ಒರೆಸಿ ವಾಸನೆ ಹೋಗೋಗಂಟ ಬಾಗ್ಲು ತೆಗ್ದಿಡ್ರಿ. ಮೊದಲ್ನೇ ಸ್ಟಾರ್ಟಿಗೆ ಸಿಲಿಂಡರ್ ಕೈಯಾಗಿರ್ಲಿ, ಬೆಂಕಿ ಆರಿಸೋದು. ಸುತ್ತ ಯಾರೂ ಇರಬಾರ್ದು. ಹತ್ತು ನಿಮಿಷ ಓಡ್ಸಿ, ಒಂದೊಂದು ಜಾಯಿಂಟೂ ನೋಡ್ರಿ."

"ಮಗಳು ತಿರುಗ್ಸಬೇಕು ಅಂತೈತಲ್ಲ ವಿನಯ್."

"ಎರಡ್ನೇ ಸಲ ತಿರುಗ್ಸಲಿ ಅಣ್ಣಾ. ಮೊದಲ್ನೇದು ಬ್ಯಾಡ."

ಎರಡನೇ ಸಲಕ್ಕೂ ಮೊದಲನೆಯದಕ್ಕೂ ಏನು ವ್ಯತ್ಯಾಸವೆಂದು ವಿನಯನಿಗೆ ಗೊತ್ತಿರಲಿಲ್ಲ. ಮರುಳಸಿದ್ದಪ್ಪ ವಾಶರು ಬದಲಿಸಿದ. ಇಂಜಿನ್ನನ್ನೂ ನೆಲವನ್ನೂ ಒರೆಸಿ, ಒರೆಸಿದ ಬಟ್ಟೆಗಳನ್ನು ದೂರದ ಬಯಲಿನಲ್ಲಿ ಒಣಹಾಕಿ ಬಂದ. ತಟ್ಟೆಯನ್ನು ತೊಳೆದ. ಸ್ನಾನ ಮಾಡಿ ಅಂಗಿ ಬದಲಿಸಿದ. ಬಾಗಿಲು ತೆರೆದಿಟ್ಟು, ಹೊಸ್ತಿಲ ಮೇಲೆ ಕೂತು ಮಧ್ಯಾಹ್ನವಿಡೀ ವಾಸನೆ ಹೋಗುವುದನ್ನು ಕಾದ. ಮಾತು ಉಳಿಸಿಕೊಳ್ಳಬೇಕೆಂದರೆ ಮಗಳನ್ನು ಆ ಸೀಟಿನಲ್ಲಿ ಕೂರಿಸಬೇಕು. ಒಂದು ನಟ್ಟಿನ ವಿಷಯದಲ್ಲಿ ತಪ್ಪಿದ ಈ ಕೈ ಇನ್ನೆಲ್ಲೆಲ್ಲಿ ತಪ್ಪಿದೆಯೋ.

ನಾಲ್ಕು ಗಂಟೆಗೆ ಎದ್ದು ಪೆಟ್ರೋಲ್ ಬಂಕಿಗೆ ಹೋಗಿ, ಅಲ್ಲಿಯ ಗುರುತಿನವರಿಂದ ಬೆಂಕಿ ಆರಿಸುವ ಸಿಲಿಂಡರು ಕೇಳಿ ತಂದ. ಕಿತ್ತಿದ್ದ ರಿಲೇಯನ್ನು ಮತ್ತೆ ಕೂರಿಸಿದ. ದೇವರ ಗೂಡಿನ ಮೊಳೆಯಿಂದ ಕೀಲಿ ಇಳಿಸಿದ. ಅದರ ಮೇಲೆ ನಿಜವಾಗಿಯೂ ಧೂಳಿತ್ತು. ಕರ್ಪೂರ ಹಚ್ಚಲಿಲ್ಲ. ಸೀಟಿನಲ್ಲಿ ಕೂತು, ಬಾಗಿಲು ತೆರೆದಿಟ್ಟು, ಒಂದು ಕಾಲು ಹೊರಗಿಟ್ಟುಕೊಂಡೇ ಕೀ ತಿರುಗಿಸಿದ.

ಇಂಜಿನ್ ಎರಡು ಸಲ ತಡವರಿಸಿ ಎದ್ದಿತು. ಶೆಡ್ಡಿನ ತಗಡುಗಳು ಅದುರಿದವು. ಇಳಿದು ಸಿಲಿಂಡರು ಹಿಡಿದು ಒಂದೊಂದು ಜಾಯಿಂಟಿಗೂ ಬಗ್ಗಿ, ಒಣ ಬಟ್ಟೆ ಒತ್ತಿ ನೋಡಿದ. ಐದು ನಿಮಿಷ. ಹತ್ತು ನಿಮಿಷ. ಎಲ್ಲಿಯೂ ಒಂದು ಹನಿ ಇಲ್ಲ. ಬಟ್ಟೆ ಒಣಗಿದ್ದು ಒಣಗಿದಂತೆಯೇ ಇತ್ತು. ಅವನಿಗೆ ಒಂದು ಕಡೆಯಾದರೂ ಸೋರಲಿ ಎಂಬ ಆಸೆ ಹುಟ್ಟಿತು. ಸೋರಿದ್ದರೆ, ಮಾತು ತಪ್ಪಿದ್ದು ಇದಕ್ಕೇ ಎಂದು ಮಗಳಿಗೆ ತೋರಿಸಬಹುದಿತ್ತು.

ನಿಲ್ಲಿಸಿದ. ಅಂಥ ದಿನ, ಅಂಥ ಶಬ್ದ, ಆಹಾ ಎನ್ನಲು ಪಕ್ಕದಲ್ಲಿ ಯಾರೂ ಇರಲಿಲ್ಲ. ತಣ್ಣಗಾದ ರೊಟ್ಟಿಯನ್ನು ಅಲ್ಲೇ ನಿಂತು ತಿಂದ.

ಭಾನುವಾರ ಹನ್ನೊಂದಕ್ಕೆ ಅರ್ಪಿತಾ ಬಸ್ಸಿಳಿದಳು. ಜಗಳೂರಿನಿಂದ ದಾವಣಗೆರೆ, ಅಲ್ಲಿಂದ ಹೊನ್ನಾಳಿ, ಅಲ್ಲಿಂದ ನ್ಯಾಮತಿ. ಮೂರು ಬಸ್ಸು ಹತ್ತಿಳಿದರೂ ಮುಖದಲ್ಲಿ ದಣಿವಿಲ್ಲ. ಹೊಸ ಚೂಡಿದಾರ, ಕೈಯಲ್ಲಿ ಮಲ್ಲಿಗೆ ಹಾರದ ಪೊಟ್ಟಣ.

"ಗಾಡಿಗೆ" ಅಂದಳು. "ಅಮ್ಮನೇ ಕೊಡಿಸಿದ್ಲು."

ದಾರಿಯಲ್ಲಿ ಹೇಳಬೇಕೆಂದುಕೊಂಡ. ಅವಳು ಕಾಲೇಜಿನ ಸುದ್ದಿ ಹೇಳುತ್ತಿದ್ದಳು. ಹೇಳದೆ ಸುಮ್ಮನಿದ್ದುಬಿಟ್ಟರೆ? ಓಬವ್ವ ನಿನ್ನೆ ಸಂಜೆ ಹೊಲದಲ್ಲಿದ್ದಳು. ಯಾರಿಗೂ ಗೊತ್ತಾಗುವುದಿಲ್ಲ. ಇವಳು ಕೀ ತಿರುಗಿಸುತ್ತಾಳೆ, ಕುಣಿಯುತ್ತಾಳೆ, ಫೋಟೋ ತೆಗೆದು ಅಮ್ಮನಿಗೆ ಕಳಿಸುತ್ತಾಳೆ.

ಶೆಡ್ಡಿನಲ್ಲಿ ಅವಳು ಹಾರ ಹಾಕಿದಳು. ಸೀಟಿನಲ್ಲಿ ಕೂತು ಎರಡು ಕೈಯಲ್ಲೂ ಸ್ಟಿಯರಿಂಗ್ ಹಿಡಿದು, ಹತ್ತು ವರ್ಷದವಳ ಹಾಗೆ ಅಂಗೈ ಚಾಚಿದಳು. "ಕೀ?"

ಅವನು ಕೀಲಿಯನ್ನು ಆ ಅಂಗೈ ಮೇಲಿಟ್ಟ. ಕೈ ತೆಗೆಯಲಿಲ್ಲ.

"ಪುಟ್ಟಿ, ನಿನ್ನೆ ನಾನು ಸ್ಟಾರ್ಟ್ ಮಾಡ್ದೆ."

ಅವಳ ನಗು ಹಾಗೆಯೇ ಸ್ವಲ್ಪ ಹೊತ್ತು ಮುಖದ ಮೇಲೆ ಉಳಿಯಿತು. ಅವನು ನಟ್ಟಿನ ವಿಷಯ, ಸಿಡಿದ ಪೆಟ್ರೋಲಿನ ವಿಷಯ, ಕರ್ಪೂರದ ವಿಷಯ ಎಲ್ಲ ಹೇಳಿದ. ಇಷ್ಟು ಉದ್ದದ ಮಾತನ್ನು ಅವನು ಮಗಳ ಹತ್ತಿರ ಎಂದೂ ಆಡಿರಲಿಲ್ಲ.

"ಸೋರ್ತೇನು?" ಅವಳು ಕೇಳಿದಳು.

"ಇಲ್ಲ."

"ಒಂದು ಫೋನ್ ಮಾಡ್ಬೋದಿತ್ತಲ್ಲಪ್ಪಾ. ಹಿಂಗಿಂಗೆ ಆತು ಕಣೇ, ನೀನು ದೂರ ನಿಂತ್ಕೋ, ನಾನು ತಿರುಗ್ಸಿ ನೋಡ್ತೀನಿ ಅಂದಿದ್ರೆ ನಾನು ಬ್ಯಾಡ ಅಂತಿದ್ನೇನು? ಓಣಿಯಾಗೆ ನಿಂತ್ಕೊಂಡು ಕೇಳಿಸ್ಕೋತಿದ್ದೆ."

ಇಡೀ ಮಧ್ಯಾಹ್ನ ಹೊಸ್ತಿಲಲ್ಲಿ ಕೂತಿದ್ದಾಗ ಅವನ ಜೇಬಿನಲ್ಲೇ ಫೋನಿತ್ತು. ವಿನಯನಿಗೆ ಮಾಡಿದ ಮೇಲೆ ಮಗಳಿಗೂ ಮಾಡಬಹುದೆಂದು ಅವನಿಗೆ ತೋಚಿಯೇ ಇರಲಿಲ್ಲ.

"ಅಮ್ಮ ಹೇಳ್ತಿರ್ತಾಳೆ" ಅಂದಳು ಅರ್ಪಿತಾ, ಕೀಲಿಯನ್ನು ನೋಡುತ್ತ. "ನಿಮ್ಮಪ್ಪ ಕೆಟ್ಟೋನಲ್ಲ. ಎಲ್ಲಾನೂ ಒಬ್ನೇ ಮಾಡಿ ಮುಗಿಸ್ತಾನೆ, ಆಮೇಲೆ ನಮ್ಮನ್ನ ಕರೀತಾನೆ, ಅಂತ."

ಅವಳು ಕೀ ತಿರುಗಿಸಿದಳು. ಇಂಜಿನ್ ಒಂದೇ ಸಲಕ್ಕೆ ಎದ್ದಿತು. ಇಬ್ಬರೂ ಕೇಳಿದರು. ಸ್ವಲ್ಪ ಹೊತ್ತಿಗೆ ಅವಳು ನಿಲ್ಲಿಸಿ, ನೆಂಟರ ಮನೆಯ ಉಪ್ಪಿಟ್ಟು ತಿಂದವರ ಹಾಗೆ, "ಚೆನ್ನಾಗೈತಪ್ಪಾ" ಅಂದಳು.

"ಒಂದು ರೌಂಡು ಹೋಗಾಣೇನು? ಸವಳಂಗದ ರೋಡಿಗೆ?"

"ಮುಂದಿನ ಸಲ."

ಮಧ್ಯಾಹ್ನ ಓಬವ್ವನ ಮನೆಯಲ್ಲಿ ಊಟ ಮಾಡಿ, ಮೂರು ಗಂಟೆಯ ಬಸ್ಸಿಗೆ ಹೊರಟಳು. ಕಿಟಕಿಯಿಂದ ಕೈ ಬೀಸಿದಳು. ಮರುಳಸಿದ್ದಪ್ಪ ವಾಪಸು ಬಂದು ಕೀಲಿಯನ್ನು ಒರೆಸಿ ಅದೇ ಮೊಳೆಗೆ ನೇತುಹಾಕಿದ. ಹಾರ ಬಾನೆಟ್ಟಿನ ಮೇಲೆ ಬಾಡುತ್ತಿತ್ತು.

ಮೊದಲ ಕೀ ಮಗಳೇ ತಿರುಗಿಸಬೇಕೆಂದು ಕೊಟ್ಟ ಮಾತನ್ನು ಅವನು ಮುರಿದಿದ್ದ.