ತಳದ ಗಸಿ

"ನೀರಿನೊಳಗ ಹಿಡಿಯೋ, ಮ್ಯಾಲೆ ಎತ್ತಬ್ಯಾಡ!" ಎಂದು ಜಯತೀರ್ಥರು ಕೂಗುವಷ್ಟರಲ್ಲಿ ಪೈಪಿನ ತುದಿ ಮಗ ವಿಶ್ವಜಿತನ ಕೈಯಿಂದ ಜಾರಿ ಮೇಲೆ ಬಂದಿತ್ತು. ಒಳಗೆ ಗಾಳಿ ಹೊಕ್ಕು ಪಂಪು ಗೊರಗೊರ ಎಂದಿತು. ತಳದ ಗಸಿ ಅಲ್ಲೇ ಉಳಿಯಿತು.

ಬರ್ಕತ್‌ಪುರದ ಮನೆಯ ಹಿತ್ತಲಲ್ಲಿ, ಶಹಾಬಾದಿ ಕಲ್ಲು ಹಾಸಿದ ಜಾಗದಲ್ಲಿ, ಉಕ್ಕಿನ ಕಾಲುಗಳ ಮೇಲೆ ದಪ್ಪ ನೀಲಿ ತಾಡಪತ್ರಿ ಬಿಗಿದು ನಿಲ್ಲಿಸಿದ ಪೂಲ್ ಅದು. ನೀರು ಸೊಂಟದ ತನಕ. ತಳದಲ್ಲಿ ಬೇವಿನ ಹೂವು, ಧೂಳು ಸೇರಿ ಕಂದು ಪದರ ಕಟ್ಟಿತ್ತು. ಜಯತೀರ್ಥರು ಬೆಳಿಗ್ಗೆಯಿಂದ ಉದ್ದನೆಯ ಅಲ್ಯೂಮಿನಿಯಂ ಕೋಲು ಜೋಡಿಸಿ, ಅದರ ತುದಿಗೆ ಬ್ರಶ್ಶಿನಂಥ ವ್ಯಾಕ್ಯೂಮಿನ ತಲೆ ಸಿಕ್ಕಿಸಿ, ಪೈಪು ಹಾಕಿ ಒದ್ದಾಡುತ್ತಿದ್ದರು. ಪೈಪಿನ ಇನ್ನೊಂದು ತುದಿಯನ್ನು ನೀರು ಚಿಮ್ಮುವ ಬಾಯಿಗೆ ಒತ್ತಿ ಹಿಡಿದು ಗಾಳಿಯನ್ನೆಲ್ಲ ಹೊರಗೆ ಹಾಕಬೇಕು. ಗುಳ್ಳೆ ನಿಂತ ಮೇಲೆ ನೀರಿನೊಳಗಿಂದಲೇ ಸಾಗಿಸಿ, ಪಂಪು ನೀರೆಳೆಯುವ ಬಾಯಿಗೆ ಕೂಡಿಸಬೇಕು. ಅಷ್ಟೇ. ಆ ಅಷ್ಟೇ ಆಗುತ್ತಿರಲಿಲ್ಲ.

ಅಡುಗೆಮನೆಯ ಕಿಟಕಿಯಲ್ಲಿ ಹೆಂಡತಿ ತುಳಸಾಬಾಯಿಯ ಮುಖ ಕಾಣಿಸಿತು.

"ಅಲ್ರೀ, ನೀರಾವರಿ ಇಲಾಖೆಯೊಳಗ ಕೆರಿ ಕೆರಿ ಹೂಳು ತೆಗಿಸಿದವ್ರು ನೀವು. ಇದೊಂದು ತೊಟ್ಟಿ ತೊಳೀಲಿಕ್ಕೆ ಬರವಲ್ತೇನು?"

"ಅಲ್ಲಿ ನಾ ಬರೇ ಸಹಿ ಮಾಡ್ತಿದ್ದೆ. ಹೂಳು ಮಂದಿ ತೆಗೀತಿದ್ರು."

"ಲಗೂನ ಮುಗಸ್ರಿ. ಸೊಸಿ ಬರೂದ್ರೊಳಗ ಸ್ನಾನ ಆಗ್ಲಿ ನಿಮ್ದು."

ಆಫೀಸಿನಿಂದ ಮರಳುವಾಗ ಬೈಕು ಉರುಳಿ ವಿಶ್ವಜಿತನ ಬೆನ್ನುಹುರಿಗೆ ಪೆಟ್ಟಾಗಿ ಸೊಂಟದ ಕೆಳಗೆ ಸ್ವಾಧೀನ ತಪ್ಪಿದ ಮೇಲೆ, ಕೆಲವೇ ತಿಂಗಳಲ್ಲಿ ಅವನ ಹೆಂಡತಿ ಅನ್ವಿತಾಳನ್ನು ಅವಳ ತಂದೆ ಕಲಬುರಗಿಗೆ ಕರೆದುಕೊಂಡು ಹೋಗಿದ್ದರು. ತಡೆಯುವ ಮಾತು ಯಾರ ಬಾಯಿಂದಲೂ ಬಂದಿರಲಿಲ್ಲ. ನೀರಿನಲ್ಲಿ ನಿಲ್ಲಿಸಿ ವ್ಯಾಯಾಮ ಮಾಡಿಸಿ ಎಂದು ಡಾಕ್ಟರು ಹೇಳಿದ್ದಕ್ಕೆ ಈ ಪೂಲ್ ಬಂತು. ಹೋದ ತಿಂಗಳು ಒಂದು ಸಂಜೆ, ಸೊಂಟ ಹಿಡಿದು ನಿಲ್ಲಿಸಿದ್ದಾಗ, "ಅಪ್ಪಾ, ಹೆಬ್ಬೆರಳಿಗೆ ತಣ್ಣಗ ಆದಂಗಾತು" ಎಂದಿದ್ದ ಮಗ. ಆಮೇಲೂ ಆಗಾಗ ಹಾಗೆ ಹೇಳುತ್ತಿದ್ದ. ಜಯತೀರ್ಥರು ಆ ಮೊದಲ ಸಂಜೆಯೇ ಅನ್ವಿತಾಳಿಗೆ ಫೋನ್ ಮಾಡಿದ್ದರು. "ಖರೇನೇನ್ರಿ ಮಾವಾ?" ಎಂದು ಅವಳು ಮತ್ತೆ ಮತ್ತೆ ಕೇಳಿದ್ದಳು. ಈಗ ರೈಲಿನಲ್ಲಿ ಬರುತ್ತಿದ್ದಾಳೆ. ಸಂಜೆ ನೀರಿನಲ್ಲಿ ನಿಂತ ಗಂಡನ ಪಾದಗಳು ಅವಳಿಗೆ ನಿಚ್ಚಳವಾಗಿ ಕಾಣಬೇಕು ಎನ್ನುವುದು ಅವರ ಆಸೆ.

"ಇನ್ನೊಮ್ಮೆ ನೋಡೂಣು" ಎಂದು ಮಗನ ಗಾಲಿಕುರ್ಚಿಯನ್ನು ಪೂಲಿಗೆ ಒತ್ತಿ ನಿಲ್ಲಿಸಿದರು. ಅವನು ಎದೆ ಬಾಗಿಸಿ, ತೋಳು ಪೂರ್ತಿ ಚಾಚಿ ಪೈಪನ್ನು ಹಿಡಿದ. ತಳದಿಂದ ಗುಳ್ಳೆಗಳು ಎದ್ದು, ವಿರಳವಾಗಿ, ನಿಂತವು.

"ಆತು, ಬರ್ರಿ ಅಪ್ಪಾ, ಲಗೂ!"

ಜಯತೀರ್ಥರು ಪಂಪಿನ ಕಡೆಯಿಂದ ಬರಿಗಾಲಲ್ಲಿ ಓಡಿಬಂದರು. ಮೇ ತಿಂಗಳ ಮಧ್ಯಾಹ್ನದ ಬಿಸಿಲಿಗೆ ಕಾದ ಕಲ್ಲು ಅಂಗಾಲನ್ನು ಚುರ್ರೆನ್ನಿಸಿತು. ಒಂದು ಕಾಲೆತ್ತಿ ಇನ್ನೊಂದು ಕಾಲಿಟ್ಟು ಕುಪ್ಪಳಿಸುತ್ತ ಹೇಗೋ ಬಂದು ಪೈಪನ್ನು ಕೂಡಿಸಿದರು.

ವಿಶ್ವಜಿತ ನಗತೊಡಗಿದ. "ಏನ್ ಡ್ಯಾನ್ಸ್ ರೀ ಅಪ್ಪಾ! ಅವ್ವಾ, ಇಲ್ನೋಡಬಾ!"

ಬಹಳ ದಿನದ ಮೇಲೆ ಕೇಳಿದ ನಗೆ. ಅವರೂ ನಗುತ್ತ, ಚೆಲ್ಲಿದ ನೀರಿನ ಮೇಲೆ ಕಾಲು ತಂಪು ಮಾಡಿಕೊಳ್ಳುತ್ತ ತಲೆ ತಗ್ಗಿಸಿದರು. ಕುರ್ಚಿಯ ಕಾಲಿಡುವ ಪಟ್ಟಿಯಿಂದ ಜಾರಿದ ಮಗನ ಬಲಗಾಲು ಒಣಗಿದ ಕಲ್ಲಿನ ಮೇಲೆ ಪೂರ್ತಿ ಊರಿಕೊಂಡಿತ್ತು. ಅವನು ಇನ್ನೂ ನಗುತ್ತಿದ್ದ.

ಜಯತೀರ್ಥರು ಕುಕ್ಕರಿಸಿ ಕಾಲನ್ನು ಎರಡೂ ಕೈಯಲ್ಲಿ ಎತ್ತಿದರು. ಅಂಗಾಲು ಕೆಂಪಾಗಿ, ಹಿಮ್ಮಡಿಯ ಚರ್ಮ ಬೊಬ್ಬೆಯೆದ್ದಿತ್ತು. ಬಕೆಟ್ಟಿನಲ್ಲಿದ್ದ ನೀರನ್ನು ಬೊಗಸೆಯಲ್ಲಿ ಮೊಗೆದು ಮೊಗೆದು ಹಾಕಿದರು. ನಗೆ ನಿಂತದ್ದು ಅವರಿಗೆ ತಲೆ ಎತ್ತದೆಯೇ ತಿಳಿಯಿತು.

"ಕಾಲಿಗೆ ಮೊದಲಿಂದನೂ ಏನೂ ತಿಳಿತಿರಲಿಲ್ಲೇನೋ?"

"ಇಲ್ರಿ."

"ಮತ್ತ ಅವತ್ತು?"

"ಬಾಯಿಗೆ ಬಂತು, ಅಂದೆ. ಆಮ್ಯಾಲೆ ನಿಮ್ಮ ಮುಖ ನೋಡಿ ಇಲ್ಲ ಅನ್ನಲಿಕ್ಕೆ ಆಗ್ಲಿಲ್ಲ. ನೀವು ಆಕಿಗೆ ಫೋನ್ ಮಾಡ್ತೀರಂತ ನನಗೇನ್ ಗೊತ್ತು?"

ಪೈಪು ತಾನಾಗಿಯೇ ಗಸಿಯನ್ನು ಎಳೆಯುತ್ತಿತ್ತು. ವ್ಯಾಕ್ಯೂಮಿನ ತಲೆ ನಿಂತಲ್ಲಿ ಮಾತ್ರ ಅಂಗೈಯಗಲ ನೀಲಿ ಕಾಣುತ್ತಿತ್ತು. ಕಟ್ಟೆಯ ಮೇಲಿನ ಫೋನ್ ರಿಂಗಾಯಿತು. ಇಬ್ಬರೂ ಅದನ್ನೇ ನೋಡಿದರು.

"ಬರ್ಲಿ ಬಿಡ್ರಿ ಅಪ್ಪಾ," ವಿಶ್ವಜಿತನ ದನಿ ಸಣ್ಣದಾಗಿತ್ತು. "ಒಮ್ಮೆ ಬರ್ಲಿ. ಬಂದ ಮ್ಯಾಲೆ ನಾನ ಹೇಳ್ತೀನಿ."

ಜಯತೀರ್ಥರು ಒದ್ದೆ ಕೈಯಲ್ಲೇ ಫೋನ್ ಎತ್ತಿದರು.

"ಮಾವಾ, ತಾಂಡೂರಿಗೆ ಬಂದೀನ್ರಿ. ನೀರಿನ ಬಾಟ್ಲಿ ತಗೊಳ್ಳಿಕ್ಕೆ ಪ್ಲಾಟ್‌ಫಾರ್ಮಿಗೆ ಇಳದೀನಿ. ಗಾಡಿ ಬಿಡ್ಲಿಕ್ಕೆ ಇನ್ನೂ ಒಂಚೂರು ಟೈಮ್ ಅದ. ಅವ್ರು ಹೆಂಗಿದ್ದಾರ್ರಿ?"

ಮಗ ಬೇಡವೆಂದು ತಲೆಯಾಡಿಸುತ್ತಿದ್ದ. ಅವರು ಅವನಿಗೆ ಬೆನ್ನು ತಿರುಗಿಸಿ ಬೇವಿನ ಗಿಡದ ಕಡೆ ನಿಂತರು.

"ಅನ್ವಿತಾ, ಒಂದ್ ಮಾತು ಕೇಳವ್ವಾ. ಅವನ ಕಾಲಿಗೆ ಏನೂ ತಿಳಿಯೂದಿಲ್ಲ. ಅವತ್ತೂ ತಿಳಿದಿರಲಿಲ್ಲ. ನಾ ಹೇಳಿದ್ದು ತಪ್ಪಾಗೇದ."

ಆ ಕಡೆಯಿಂದ ಉಸಿರು ಕೇಳುತ್ತಿತ್ತು. ಅವಳ ಪಕ್ಕದಲ್ಲೇ ಯಾರೋ ಚಾಯ್ ಚಾಯ್ ಎಂದು ಕೂಗುತ್ತಿದ್ದ. ಎಂಜಿನ್ ಸೀಟಿ ಹಾಕಿತು. ಜಯತೀರ್ಥರು ಫೋನನ್ನು ಕಿವಿಗೆ ಇನ್ನಷ್ಟು ಒತ್ತಿ ಹಿಡಿದರು. ಗಾಲಿಗಳ ಸದ್ದು ಡಬ್ಬಿ ಡಬ್ಬಿಯಾಗಿ ದಾಟಿ, ಬಿರುಸಾಗಿ, ದೂರವಾಗಿ, ಕೊನೆಗೆ ಅಳಿಸಿಹೋಯಿತು. ಚಾಯ್‌ನವನ ದನಿ ಮಾತ್ರ ಮೊದಲಿನಷ್ಟೇ ಹತ್ತಿರದಲ್ಲಿ ಕೇಳಿಸುತ್ತಿತ್ತು.