ಮೂರನೇ ಸಾಲಿನ ಸ್ಟೂಲು

ನಾನೊಂದು ಸ್ಟೂಲು. ಎತ್ತರ ಒಂದಡಿ, ಕಾಲು ನಾಲ್ಕು. ಹುಟ್ಟಿ ಇಪ್ಪತ್ತಾರು ವರ್ಷವಾಗುವವರೆಗೆ ನನ್ನ ಮೇಲೆ ಒಬ್ಬರೂ ಕೂರಲಿಲ್ಲ. ಇದನ್ನು ದೂರೆಂದು ಹೇಳುತ್ತಿಲ್ಲ. ನನ್ನ ಮೇಲೆ ನಿಂತವರು ಇದ್ದರು, ಅದೇ ನನ್ನ ಪುಣ್ಯ.

ಕೊಪ್ಪಳದ ಕಡೆಯ ಒಂದು ಊರಿನ ಶಾಲೆಯಲ್ಲಿ ನಾನು ಹುಟ್ಟಿದೆ. ಕಾಳಪ್ಪ ಬಡಿಗೇರ ಶಾಲೆಯ ಬಾಗಿಲು ರಿಪೇರಿಗೆ ಬಂದಿದ್ದ. ಆಗಷ್ಟೇ ಕೆಲಸಕ್ಕೆ ಸೇರಿದ್ದ ನೀಲಾಂಬಿಕಾ ಹೂಗಾರ ಎಂಬ ಟೀಚರ್ ನಾಲ್ಕಡಿ ಏಳಂಗುಲ ಇದ್ದರು. ಕರಿಹಲಗೆಯ ಮೇಲ್ತುದಿ ಅವರ ಕೈಗೆ ಸಿಗುತ್ತಿರಲಿಲ್ಲ. ಹೀಗಾಗಿ ದಿನಾಂಕವನ್ನೂ ಹಲಗೆಯ ನಡುಮಧ್ಯೆ ಬರೆಯುತ್ತಿದ್ದರು, ಪಾಠವನ್ನು ಅದರ ಸುತ್ತ ಹೊಂದಿಸುತ್ತಿದ್ದರು. ಕಾಳಪ್ಪ ಇದನ್ನು ಎರಡು ದಿನ ನೋಡಿದ. ಮೂರನೆಯ ದಿನ, ಬಾಗಿಲಿಗೆ ಹಾಕಿ ಉಳಿದ ಬೇವಿನ ತುಂಡುಗಳಿಂದ, ಯಾರೂ ಕೇಳದೆಯೇ ನನ್ನನ್ನು ಮಾಡಿ ಹಲಗೆಯ ಕೆಳಗೆ ಇಟ್ಟ.

"ಏರಿ ನೋಡ್ರಿ ಅಕ್ಕೋರ," ಅಂದ.

ಟೀಚರನ್ನು ಆ ಕಡೆ ಅಕ್ಕೋರು ಎನ್ನುತ್ತಾರೆ. ಅವರು ಏರಿದರು. ನಾನು ಅಲುಗಿದೆ. ನನ್ನ ಒಂದು ಕಾಲು ಸ್ವಲ್ಪ ಗಿಡ್ಡ. ಕಾಳಪ್ಪ ತನ್ನ ಸೈಕಲ್ಲಿನ ಹಳೇ ಟ್ಯೂಬಿನಿಂದ ಒಂದು ಚೂರು ಕತ್ತರಿಸಿ ಆ ಕಾಲಿಗೆ ಮೊಳೆ ಹೊಡೆದ. ಆ ರಬ್ಬರು ಇವತ್ತಿಗೂ ಇದೆ.

ಹದಿನೆಂಟು ವರ್ಷ ಅಕ್ಕೋರು ನನ್ನ ಮೇಲೆ ನಿಂತು ಬರೆದರು. ನಾನು ಕಂಡದ್ದು ಮುಖಗಳನ್ನಲ್ಲ, ಪಾದಗಳನ್ನು. ಒಂದನೇ ತರಗತಿಯಲ್ಲಿ ಬರಿಗಾಲಲ್ಲಿ ಬಂದವರು ಏಳನೆಯದಕ್ಕೆ ಚಪ್ಪಲಿ ಹಾಕಿ ಹೋಗುವುದನ್ನು ನೋಡಿದೆ. ಅವರಲ್ಲಿ ಮಾಬೂಬಿ ಎಂಬ ಹುಡುಗಿ ಕೂತಲ್ಲಿ ಕೂರುತ್ತಿರಲಿಲ್ಲ. ಅವಳ ಕಾಲು ಸದಾ ಓಡಲು ತಯಾರಾಗಿರುತ್ತಿದ್ದವು.

ಆಮೇಲೆ ಅಕ್ಕೋರು ಚುನಾವಣೆಗೆ ನಿಂತರು. ಕ್ಷೇತ್ರದ ಪ್ರತಿ ಓಣಿಯಲ್ಲೂ ಅವರ ಹತ್ತಿರ ಅಕ್ಷರ ಕಲಿತವರಿದ್ದರು, ಗೆದ್ದರು. ರಾಜಧಾನಿಗೆ ಹೊರಡುವ ದಿನ ಶಾಲೆಗೆ ಹೊಸದೊಂದು ಸ್ಟೂಲು ಕೊಟ್ಟು ನನ್ನನ್ನು ಎತ್ತಿಕೊಂಡರು. ಎದುರುಮನೆಯ ಬಸಮ್ಮ ನಕ್ಕಳು: "ಎಮ್ಮೆಲ್ಲೆ ಆದವರು ಹೊಸಾ ಕಾರು ತಗೋತಾರ. ನೀವು ಹಳೇ ಸ್ಟೂಲ್ ಹೊತಗೊಂಡು ಹೊಂಟೀರಲ್ರೀ ಅಕ್ಕಾ!"

ಸದನದ ಕುರ್ಚಿಗಳನ್ನು ದೊಡ್ಡಾಳುಗಳಿಗಾಗಿ ಮಾಡಿದ್ದರು. ಮೂರನೇ ಸಾಲಿನಲ್ಲಿ ಕೂತ ಅಕ್ಕೋರ ಕಾಲು ನೆಲ ಮುಟ್ಟದೆ ತೂಗಾಡಿದವು. ನಾನು ಆ ಕಾಲುಗಳ ಕೆಳಗೆ ಸೇರಿಕೊಂಡೆ. ಮಾತಾಡಲು ಎದ್ದಾಗ ಅವರು ನನ್ನ ಮೇಲೆ ನಿಲ್ಲುತ್ತಿದ್ದರು. ನನ್ನಿಂದಾಗಿ ಅವರ ಬಾಯಿ ಮೈಕಿನ ಮಟ್ಟಕ್ಕೆ ಬರುತ್ತಿತ್ತು.

ಅವರ ಪಕ್ಷ ವಿರೋಧ ಪಕ್ಷವಾಗಿತ್ತು. ಮೊದಲ ಎರಡು ವರ್ಷ ನಾನು ಕೇಳಿದ್ದು ಬರೀ ಕೂಗು. ಒಂದು ಕಡೆಯವರು ಮಸೂದೆ ತಂದರೆ ಇನ್ನೊಂದು ಕಡೆಯವರು ಅದರ ಪ್ರತಿಯನ್ನು ಹರಿದು ತೂರುತ್ತಿದ್ದರು. ಚೂರುಗಳು ನನ್ನ ಮೇಲೆ ಬೀಳುತ್ತಿದ್ದವು. ಗದ್ದಲದ ನಡುವೆಯೇ ಅಧ್ಯಕ್ಷರು "ಹೌದು ಎನ್ನುವವರು? ಇಲ್ಲ ಎನ್ನುವವರು?" ಎಂದು ಕೇಳಿ, ಹತ್ತು ನಿಮಿಷದಲ್ಲಿ ಐದು ಕಾನೂನು ಮುಗಿಸಿದ್ದೂ ಉಂಟು. ಮಧ್ಯಾಹ್ನ ಊಟದ ಹೊತ್ತಿಗೆ ಅದೇ ಜನ ಒಂದೇ ಮೇಜಿನಲ್ಲಿ ಮುದ್ದೆ ಉಣ್ಣುತ್ತಿದ್ದರಂತೆ. ನನಗೆ ಅದು ಬಹಳ ದಿನ ಅರ್ಥವಾಗಲಿಲ್ಲ.

ಮೂರನೇ ವರ್ಷ ಅಕ್ಕೋರು ತಾವೇ ಒಂದು ಮಸೂದೆ ಬರೆದರು. ಮಂತ್ರಿಯಲ್ಲದ ಶಾಸಕರು ತರುವ ಇಂಥದ್ದಕ್ಕೆ ಖಾಸಗಿ ಮಸೂದೆ ಎನ್ನುತ್ತಾರೆ. ಅದು ಪಾಸಾಗುವುದು ಅಪರೂಪ. ಅದನ್ನು ಮಂಡಿಸುವ ದಿನ ನನ್ನ ಮೇಲೆ ನಿಂತು ಹೇಳಿದರು:

"ಅಧ್ಯಕ್ಷರೇ, ಸೀರಿ ತಗೋಳ್ಳಾಕ ಜಿಲ್ಲಾದಾಗಿನ ದೊಡ್ಡ ಅಂಗಡಿಗೆ ಹೋಗಿದ್ದೆ. ಅಲ್ಲಿ ನನ್ನ ಶಿಷ್ಯೆ ಮಾಬೂಬಿ ಸೀರಿ ತೋರಸಾಕತ್ತಿದ್ಲು. ಮುಂಜಾನೆ ಒಂಬತ್ತರಿಂದ ನಿಂತಾಳ್ರಿ. ಕಾಲು ಬಾತು ಕುಂಬಳಕಾಯಿ ಆಗ್ಯಾವು. ಕುರ್ಚಿ ಇಲ್ಲ. ಗಿರಾಕಿ ಇಲ್ಲದ ಹೊತ್ತಿನಾಗ ಗ್ವಾಡಿಗಿ ಆತಗೊಂಡ್ರ ಮಾಲೀಕ ಬೈತಾನ. ನಾ ಕೇಳೂದು ಇಷ್ಟ. ಅಂಗಡ್ಯಾಗ ದುಡಿಯೋರಿಗೆ ಕುಂದ್ರಾಕ ಒಂದು ಜಾಗಾ ಕೊಡಬೇಕಂತ ಕಾನೂನು ಆಗಲಿ."

ಆಗ ಆಡಳಿತ ಪಕ್ಷದ ಮುಖ್ಯ ಸಚೇತಕ ಹೊಂಬಾಳೇಗೌಡರು ಎದ್ದರು. ಮಂಡ್ಯದ ಕಡೆಯವರು, ಆರಡಿ ಎತ್ತರ. ತಮ್ಮ ಪಕ್ಷದವರನ್ನು ಮತದಾನಕ್ಕೆ ಹಿಡಿದು ತರುವುದು, ಎಣಿಸಿಕೊಳ್ಳುವುದು ಸಚೇತಕರ ಕೆಲಸ. ಆದರೆ ಅವತ್ತು ಅವರು ಎಣಿಸಿದ್ದು ನನ್ನನ್ನು.

"ಅಧ್ಯಕ್ಷರೇ, ನಾವೆಲ್ಲ ನೆಲದ ಮೇಲೆ ನಿಂತಿದೀವಿ. ಈಯಮ್ಮ ಒಬ್ರು ಒಂದಡಿ ಮೇಲಕ್ಕೆ ನಿಂತು ಮಾತಾಡೋದು ಯಾವ ನಿಯಮ? ನಾಳೆ ನಾನೊಂದು ಏಣಿ ತತ್ತೀನಿ."

"ತರ್ರಿ ಗೌಡ್ರ," ಅಂದರು ಅಕ್ಕೋರು. "ನೀವು ಏಣಿ ಏರಿದ್ರ ಫ್ಯಾನಿಗೆ ತಲಿ ಬಡಿತದ, ಜ್ವಾಕಿ!"

ಎಲ್ಲರೂ ನಕ್ಕರು. ಗೌಡರು ನಗಲಿಲ್ಲ. ಹೊರಗಿನ ಪೀಠೋಪಕರಣ ಸದನದೊಳಗೆ ಬರಬಾರದೆಂಬ ನಿಯಮವೊಂದನ್ನು ಪುಸ್ತಕದಿಂದ ಓದಿದರು. ಓದಿದ ಮೇಲೆ ಅಧ್ಯಕ್ಷರಿಗೂ ಬೇರೆ ದಾರಿ ಇರಲಿಲ್ಲ. ಮಾರ್ಷಲ್ ಬಂದು ನನ್ನನ್ನು ಎತ್ತಿದ. ಬಾಗಿಲ ಪಕ್ಕ, ಒಳಗಡೆಯೇ, ತನ್ನ ಕುರ್ಚಿಯ ಹತ್ತಿರ ಇಟ್ಟುಕೊಂಡ. "ಸಂಜೆ ತಗೊಂಡ್ಹೋಗಿ ಮೇಡಂ," ಎಂದು ಮೆಲ್ಲಗೆ ಹೇಳಿದ. ಅಕ್ಕೋರು ತಗೊಂಡು ಹೋಗಲಿಲ್ಲ. ಸಿಟ್ಟಿನಿಂದ ಅಲ್ಲೇ ಬಿಟ್ಟರು. ಆ ಸಿಟ್ಟಿಗೂ ನಾನು ಋಣಿ.

ಎಂಟು ದಿನದ ಮೇಲೆ ಮಸೂದೆ ಮತಕ್ಕೆ ಬಂತು. ಆಡಳಿತ ಪಕ್ಷದ ಅರ್ಧ ಜನ ಒಬ್ಬ ಮಂತ್ರಿಯ ಮಗಳ ಮದುವೆಗೆ ಹೋಗಿದ್ದರು. ಕೂಗಿನ ಮತದಲ್ಲಿ "ಇಲ್ಲ" ಎಂಬುದೇ ಜೋರಾಗಿ ಕೇಳಿಸಿತು. ಅಕ್ಕೋರು ತಲೆ ಎಣಿಸಬೇಕೆಂದು ಪಟ್ಟು ಹಿಡಿದರು. ಗಂಟೆ ಬಾರಿಸಿದರು, ಬಾಗಿಲು ಹಾಕಿದರು. ಒಂದೊಂದೇ ಸಾಲು ಎದ್ದು ನಿಲ್ಲಬೇಕು, ಸಿಬ್ಬಂದಿ ಎಣಿಸಿದ ಮೇಲೆ ಕೂರಬೇಕು. ಆದರೆ ಅವತ್ತು ಮುಂದಿನ ಸಾಲಿನವರು ಎಣಿಸಿಕೊಂಡರೂ ಕೂರಲಿಲ್ಲ. ಎದುರಿನವರ ಜೊತೆ ಜಗಳಕ್ಕೆ ನಿಂತೇ ಇದ್ದರು. ಮೂರನೇ ಸಾಲು ಎದ್ದಿತು. ಸಿಬ್ಬಂದಿಯೊಬ್ಬ ದೂರದಿಂದ ಪೆನ್ಸಿಲ್ ಆಡಿಸುತ್ತಾ ಎಣಿಸಿದ.

ಅವನು ತಲೆಗಳನ್ನು ಎಣಿಸಿದ. ನಾನು ಬಾಗಿಲ ಹತ್ತಿರ ನೆಲದಲ್ಲಿ ಕೂತು ಪಾದಗಳನ್ನು ಎಣಿಸಿದೆ. ಎರಡು ಜೊತೆ ದೊಡ್ಡ ಬೂಟುಗಳ ನಡುವೆ ನನಗೆ ಇಪ್ಪತ್ತು ವರ್ಷದ ಪರಿಚಯದ ಆ ಪುಟ್ಟ ಪಾದಗಳು ತುದಿಗಾಲಲ್ಲಿ ನಿಂತಿದ್ದವು. ಪೆನ್ಸಿಲು ಅವುಗಳನ್ನು ದಾಟಿ ಹೋಯಿತು.

"ಹೌದು, ಅರವತ್ತೊಂದು. ಇಲ್ಲ, ಅರವತ್ತೊಂದು," ಎಂದರು ಅಧ್ಯಕ್ಷರು.

ಸರಿಸಮವಾದರೆ ಅಧ್ಯಕ್ಷರ ಮತವೇ ಕೊನೆಯದು. ಅವರು ಇಲ್ಲ ಎನ್ನುವುದು ಎಲ್ಲರಿಗೂ ಗೊತ್ತಿತ್ತು. "ನಮ್ಮವರೊಳಗ ಯಾವನೋ ಓಡಿಹೋಗ್ಯಾನ," ಎಂದು ಅಕ್ಕೋರ ಪಕ್ಕದವರು ಗೊಣಗಿದರು. ಅಕ್ಕೋರು ಕೂತರು. ಕಾಲುಗಳು ಮತ್ತೆ ನೆಲ ಮುಟ್ಟದೆ ತೂಗಿದವು. ಕೂಗಿ ಹೇಳಲು ನನಗೆ ಬಾಯಿ ಇರಲಿಲ್ಲ. ನನ್ನ ಜೀವನದಲ್ಲಿ ಬಾಯಿ ಬೇಕೆನಿಸಿದ್ದು ಅದೊಂದೇ ಸಲ.

ಆಗ ಎದುರು ಸಾಲಿನ ಕೆಳಗೆ ಒಂದು ಕಾಲು ನನ್ನ ಕಣ್ಣಿಗೆ ಬಿತ್ತು. ಹೊಂಬಾಳೇಗೌಡರದು. ಚಪ್ಪಲಿ ಬಿಟ್ಟು ಕೂರುವುದು ಅವರ ರೂಢಿ. ಬಲಗಾಲು ಚಪ್ಪಲಿಯೊಳಗೆ ಹೋಯಿತು. ಹೊರಗೆ ಬಂತು. ಹೆಬ್ಬೆರಳು ನೆಲವನ್ನು ಎರಡು ಸಲ ಉಜ್ಜಿತು. ಮತ್ತೆ ಒಳಗೆ ಹೋಯಿತು. ಆಮೇಲೆ ಎರಡೂ ಕಾಲು ಎದ್ದು ನಿಂತವು.

"ಅಧ್ಯಕ್ಷರೇ, ಎಣಿಕೆ ತಪ್ಪೈತೆ. ನನ್ನ ಚೀಟೀಲಿ ಆ ಕಡೆ ಅರವತ್ತೆರಡು."

"ಗೌಡ್ರೆ, ಕೂತ್ಕಳ್ಳಿ!" ಎಂದು ಅವರ ಹಿಂದಿನಿಂದಲೇ ಒಬ್ಬರು ಚೀರಿದರು. "ನೀವ್ಯಾವ ಪಕ್ಷದೋರು?"

"ನಿಮ್ಮ ಪಕ್ಷದೋನೇ ಕಣಪ್ಪಾ. ಇಲ್ಲ ಅಂತ ನಿಂತಿದ್ದೆ, ಇನ್ನೊಂದ್ಸಲ ಎಣಿಸಿದ್ರೂ ಇಲ್ಲ ಅಂತಲೇ ನಿಲ್ತೀನಿ. ಆದ್ರೆ ಆಯಮ್ಮ ನಿಂತಿದ್ರು, ನಾನು ನೋಡಿವ್ನಿ. ಮೊನ್ನೆ ಅವರ ಸ್ಟೂಲ್ ಕಿತ್ಕಂಡೋನು ನಾನು. ಅದಕ್ಕೇ ಇವತ್ತು ಅವ್ರು ಕಾಣ್ನಿಲ್ಲ. ಸೋಲಿಸೋದಾದ್ರೆ ಎದುರಾಎದುರು ಸೋಲಿಸ್ತೀನಿ. ಮರೆ ಮಾಡಿ ಗೆಲ್ಲೋದು ನಂಗೆ ಬ್ಯಾಡ. ಅದನ್ನ ಅವರ ಹತ್ರ ಇಡಿ, ಆಮೇಲೆ ಎಣಿಸಿ."

ಗದ್ದಲ ಎದ್ದಿತು. ಅಧ್ಯಕ್ಷರು ಆಗಲಿ ಎಂದು ತಲೆಯಾಡಿಸಿದರು. ಮಾರ್ಷಲ್ ನನ್ನನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಮೂರನೇ ಸಾಲಿಗೆ ಹೋದ. ಅಕ್ಕೋರು ಏರಿದರು. ಹದಿನೆಂಟು ವರ್ಷ ಶಾಲೆಯಲ್ಲಿ, ಎರಡೂವರೆ ವರ್ಷ ಸದನದಲ್ಲಿ ಅವರು ನನ್ನ ಮೇಲೆ ಯಾವತ್ತೂ ತುದಿಗಾಲಲ್ಲಿ ನಿಂತಿರಲಿಲ್ಲ. ಅವತ್ತು ನಿಂತರು. ನಾನು ಕಾಳಪ್ಪನ ರಬ್ಬರನ್ನು ನೆಲಕ್ಕೆ ಒತ್ತಿ ಹಿಡಿದು ಅಲುಗದೆ ನಿಂತೆ.

ಅರವತ್ತೆರಡು. ಅರವತ್ತೊಂದು.

ವಾರದೊಳಗೆ ಗೌಡರ ಸಚೇತಕ ಹುದ್ದೆ ಹೋಯಿತು. ಅಕ್ಕೋರು ಮೊಗಸಾಲೆಯಲ್ಲಿ ಅವರನ್ನು ತಡೆದರು. ನಾನು ಅವರ ಕಂಕುಳಲ್ಲಿದ್ದೆ.

"ನನ್ನ ಸಲುವಾಗಿ ನಿಮ್ಮ ಹುದ್ದೆ ಹೋತಲ್ರಿ ಗೌಡ್ರ."

"ಹೋಗ್ಲಿ ಬುಡವ್ವ. ಇನ್ನು ಎಣಿಸೋ ಕೆಲ್ಸ ಇಲ್ಲ, ಮಧ್ಯಾಹ್ನ ನಿದ್ದೆ ಮಾಡ್ಬೋದು. ನಿನ್ ಮಸೂದೆ ಮಾತ್ರ ನಂಗೆ ಈಗ್ಲೂ ಒಪ್ಪಿಗೆ ಇಲ್ಲ. ಕೂತ್ಕಂಡ್ರೆ ವ್ಯಾಪಾರ ಯಾರ್ ಮಾಡಾರು?"

"ನೀವು ದಿನಾ ಕುಂತಽ ಸರಕಾರ ನಡಸ್ತೀರಲ್ರೀ!"

ಗೌಡರು ಅವತ್ತು ನಕ್ಕರು. ಊಟದ ಮೇಜಿನ ಗುಟ್ಟು ನನಗೆ ಆಗ ತಿಳಿಯಿತು.

ಮಸೂದೆ ಮೇಲ್ಮನೆಯಲ್ಲಿ ಒಂದು ಕಲಮು ಕಳೆದುಕೊಂಡು, ರಾಜ್ಯಪಾಲರ ಸಹಿಗಾಗಿ ಕಾದು, ಕಾನೂನಾಗುವ ಹೊತ್ತಿಗೆ ಅಕ್ಕೋರು ಮುಂದಿನ ಚುನಾವಣೆಯಲ್ಲಿ ಸೋತಿದ್ದರು. ಕೊನೆಯ ದಿನ ನನ್ನನ್ನು ಗೌಡರಿಗೆ ಕೊಟ್ಟರು. "ನಿಮ್ಮ ಮೊಣಕಾಲು ನೋಯ್ತಾವಂತಲ್ರಿ, ಕಾಲು ಇಟಗೊಳ್ರಿ." ಮೂರು ವರ್ಷ ಗೌಡರ ಕಾಲು ಹೊತ್ತೆ. ನೋವಿನೆಣ್ಣೆಯ ವಾಸನೆ ನನ್ನ ಮರಕ್ಕೆ ಹಿಡಿದುಬಿಟ್ಟಿದೆ. ಒಳ್ಳೆಯ ಕಾಲುಗಳು.

ರಾಜಕೀಯ ಸಾಕೆನಿಸಿದ ಮೇಲೆ ಗೌಡರು ಒಂದು ದಿನ ನನ್ನನ್ನೂ ಒಂದು ಪಿಂಡಿ ಬೆಲ್ಲವನ್ನೂ ಕಾರಿನಲ್ಲಿಟ್ಟುಕೊಂಡು ಅಕ್ಕೋರ ಊರಿಗೆ ಬಂದರು. ಇಬ್ಬರೂ ನನ್ನನ್ನು ಎತ್ತಿಕೊಂಡು ಮಾಬೂಬಿ ದುಡಿಯುವ ಆ ದೊಡ್ಡ ಸೀರೆ ಅಂಗಡಿಗೆ ಹೋದರು. ಅಲ್ಲಿ ಕಾನೂನಿಗೆಂದು ಮಾಲೀಕ ಒಂದು ಪ್ಲಾಸ್ಟಿಕ್ ಕುರ್ಚಿ ತಂದಿದ್ದ. ಆರು ಜನ ಹೆಂಗಸರಿಗೆ ಒಂದು.

"ಇದು ಎರಡನೇದು," ಎಂದು ಅಕ್ಕೋರು ನನ್ನನ್ನು ಕೌಂಟರಿನ ಹಿಂದೆ ಇಟ್ಟರು. ಮಾಲೀಕ ಮಾಜಿ ಶಾಸಕರಿಬ್ಬರನ್ನು ನೋಡಿ ಪಕ್ಕಕ್ಕೆ ಸರಿದು ಜಾಗ ಬಿಟ್ಟ.

"ಅಕ್ಕೋರ, ಇದು ನಮ್ಮ ಸಾಲಿ ಸ್ಟೂಲ್ ಅಲ್ಲೇನ್ರಿ?" ಎಂದಳು ಮಾಬೂಬಿ. "ನೀವು ನಿಂತು ಕಲಸಿದ್ದರ ಮ್ಯಾಲೆ ನಾ ಹ್ಯಾಂಗ ಕುಂದರ್ಲಿ?"

"ನಾ ನಿಂತಿದ್ದು ನೀ ಕುಂದರ್ಲಿ ಅಂತಽ. ಕುಂದರ್ ಸುಮ್ಮನ."

ಅವಳು ಗೌಡರ ಕಡೆ ತಿರುಗಿ ಕೈ ಮುಗಿದಳು. ಗೌಡರು ಗಲಿಬಿಲಿಗೊಂಡರು. "ನಂಗ್ಯಾಕವ್ವ? ನಾನು ಇಲ್ಲ ಅಂದೋನು. ಎರಡು ಸಲ ಅಂದಿವ್ನಿ!"

ಮಾಬೂಬಿ ಕೂತಳು.

ನಿಂತವರ ಭಾರ ನನಗೆ ಗೊತ್ತಿತ್ತು. ಅದು ಎರಡು ಪಾದಗಳಲ್ಲಿ ಇಳಿಯುತ್ತದೆ, ಮುಂದಕ್ಕೆ ಬಾಗಿರುತ್ತದೆ, ಏನನ್ನೋ ಎಟುಕಲು ನೋಡುತ್ತಿರುತ್ತದೆ. ಕೂತವರ ಭಾರ ಹಾಗಲ್ಲ. ಅದು ಮೆಲ್ಲಗೆ ಹರಡಿಕೊಂಡು ಬಂತು. ನನ್ನ ಮೈಗೆಲ್ಲ ತಾಕಿತು. ಅವಳು ಚಪ್ಪಲಿ ಬಿಟ್ಟು, ಬಾತ ಕಾಲು ಚಾಚಿ, ಒಂದು ದೊಡ್ಡ ಉಸಿರು ಬಿಟ್ಟಳು. ಓಡಲು ತಯಾರಾಗಿರುತ್ತಿದ್ದ ಆ ಕಾಲುಗಳು ಎಲ್ಲಿಗೂ ಹೊರಡದೆ ಸುಮ್ಮನಿದ್ದವು.

ಈಗ ನಾನು ಸೀರೆಗಳ ಕಪಾಟಿನ ಮಗ್ಗುಲಲ್ಲಿದ್ದೇನೆ. ಬೇವಿಗೆ ಹುಳ ಹತ್ತಿಲ್ಲ. ಆರು ಜನ ಪಾಳಿಯಲ್ಲಿ ಬಂದು ಕೂರುತ್ತಾರೆ. ಗಿರಾಕಿ ಬಂದರೆ ಏಳುತ್ತಾರೆ. ಎದ್ದು ಹೋದ ಮೇಲೆ ಸ್ವಲ್ಪ ಹೊತ್ತು ನನ್ನ ಮೇಲೆ ಬಿಸುಪು ಉಳಿದಿರುತ್ತದೆ. ಅದು ಆರುವುದರೊಳಗೆ ಇನ್ನೊಬ್ಬರು ಬಂದಿರುತ್ತಾರೆ.